ಕೆಸರಿನ ನಿರ್ಜಲೀಕರಣದಲ್ಲಿ ಪಾಲಿಮರ್ ಪ್ರಮಾಣದ ನಿಯಂತ್ರಣ

ಕೆಸರಿನ ನಿರ್ಜಲೀಕರಣದಲ್ಲಿ ಪಾಲಿಮರ್ ಪ್ರಮಾಣದ ನಿಯಂತ್ರಣ ಎಂದರೆ ಕೊಳಚೆ ನೀರಿನ ಶುದ್ಧೀಕರಣ ಘಟಕದಲ್ಲಿ ಉಳಿಯುವ ಕೆಸರನ್ನು ಹಿಂಡಿ ನೀರು ತೆಗೆಯುವ ಮೊದಲು, ಅದಕ್ಕೆ ಬೆರೆಸುವ ಪಾಲಿಮರ್ ದ್ರಾವಣವನ್ನು ಅಳೆದು, ಕೆಸರಿನ ಗುಣಕ್ಕೆ ತಕ್ಕಂತೆ ಹೆಚ್ಚಿಸುವ ಅಥವಾ ತಗ್ಗಿಸುವ ಕ್ರಮ. ಘಟಕಗಳ ಸಿಬ್ಬಂದಿ ಈ ಕೆಸರನ್ನು ಸ್ಲಡ್ಜ್ ಎಂದೂ, ಪಾಲಿಮರ್ ಬೆರೆಸುವುದನ್ನು ಡೋಸಿಂಗ್ ಎಂದೂ ಕರೆಯುವುದು ರೂಢಿ. ಪಾಲಿಮರ್ ಕಡಿಮೆಯಾದರೆ ಕೆಸರು ನೀರನ್ನು ಬಿಟ್ಟುಕೊಡುವುದಿಲ್ಲ. ಹೆಚ್ಚಾದರೆ ಯಂತ್ರದ ಬಟ್ಟೆ ಕಟ್ಟಿಕೊಂಡು ಹಿಂಡುವ ಕೆಲಸವೇ ಕೆಡುತ್ತದೆ. ಸರಿಯಾದ ಪ್ರಮಾಣವನ್ನು ಕೆಸರಿನ ಗಾತ್ರದಿಂದಲ್ಲ, ಅದರಲ್ಲಿರುವ ಒಣ ಘನಾಂಶದ ತೂಕದಿಂದ ನಿರ್ಧರಿಸಬೇಕು ಎಂಬುದು ಈ ನಿಯಂತ್ರಣದ ಮೂಲ ತತ್ತ್ವ.

ಹಿನ್ನೆಲೆ

ಕೊಳಚೆ ನೀರನ್ನು ಶುದ್ಧಗೊಳಿಸುವಾಗ ಅದರಲ್ಲಿನ ಕೊಳೆ ನಾಶವಾಗುವುದಿಲ್ಲ. ಅದರ ಒಂದು ಭಾಗವನ್ನು ಸೂಕ್ಷ್ಮಜೀವಿಗಳು ಉಂಡು ಅನಿಲವಾಗಿ ಮಾರ್ಪಡಿಸುತ್ತವೆ. ಉಳಿದ ಭಾಗವು ಆ ಜೀವಿಗಳ ದೇಹವಾಗಿ, ತಳದಲ್ಲಿ ನಿಲ್ಲುವ ಕೆಸರಾಗಿ ಉಳಿಯುತ್ತದೆ. ತಿಳಿಗೊಳಿಸುವ ತೊಟ್ಟಿಯಿಂದ ಹೊರಬರುವ ಈ ಹೆಚ್ಚುವರಿ ಕೆಸರಿನಲ್ಲಿ ಒಣ ಘನಾಂಶ ಸಾಮಾನ್ಯವಾಗಿ ಶೇ. 0.5ರಿಂದ 1ರಷ್ಟು ಮಾತ್ರ, ಉಳಿದದ್ದೆಲ್ಲ ನೀರು. ಮಂದಗೊಳಿಸಿದ ಬಳಿಕ ಘನಾಂಶವು ಶೇ. 2ರಿಂದ 4ಕ್ಕೆ ಏರುತ್ತದೆ. ಯಂತ್ರದಲ್ಲಿ ಹಿಂಡಿದ ಮೇಲೆ ದೊರೆಯುವ, ಕೇಕ್ ಎಂದು ಕರೆಯಲಾಗುವ ಗಟ್ಟಿ ಪದಾರ್ಥದಲ್ಲಿ ಅದು ಸುಮಾರು ಶೇ. 15ರಿಂದ 25ರಷ್ಟಿರುತ್ತದೆ.

ಈ ಅಂಕಿಗಳ ನಡುವಿನ ಅಂತರ ಸಣ್ಣದೆಂದು ತೋರಿದರೂ ಪರಿಣಾಮ ದೊಡ್ಡದು. ಒಂದು ಟನ್ ಒಣ ಘನಾಂಶವುಳ್ಳ ಕೆಸರು ಶೇ. 2.5ರ ಸ್ಥಿತಿಯಲ್ಲಿ 40 ಟನ್ ತೂಗುತ್ತದೆ. ಅದನ್ನು ಶೇ. 15ಕ್ಕೆ ಹಿಂಡಿದರೆ ಸುಮಾರು 6.7 ಟನ್, ಶೇ. 20ಕ್ಕೆ ಹಿಂಡಿದರೆ 5 ಟನ್, ಶೇ. 25ಕ್ಕೆ ಹಿಂಡಿದರೆ 4 ಟನ್ ಉಳಿಯುತ್ತದೆ. ಲಾರಿಯ ಬಾಡಿಗೆ, ವಿಲೇವಾರಿಗೆ ಬೇಕಾದ ಸ್ಥಳ ಮತ್ತು ದುರ್ವಾಸನೆ ಇವೆಲ್ಲವೂ ಈ ತೂಕವನ್ನು ಅವಲಂಬಿಸಿವೆ.

ಭಾರತದ ಹಳೆಯ ಘಟಕಗಳಲ್ಲಿ ಕೆಸರನ್ನು ಮರಳಿನ ಹಾಸುಗಳ ಮೇಲೆ ಹರಡಿ ಬಿಸಿಲಿಗೆ ಒಣಗಿಸುವ ಪದ್ಧತಿ ಬಳಕೆಯಲ್ಲಿತ್ತು. ಈ ಪದ್ಧತಿಗೆ ವಿಶಾಲವಾದ ಜಾಗ ಬೇಕು. ಮಳೆಗಾಲದಲ್ಲಿ ಒಣಗುವಿಕೆ ನಿಧಾನವಾಗುತ್ತದೆ. ಜಾಗದ ಅಭಾವವಿರುವ ನಗರಗಳಲ್ಲಿ ಸೆಂಟ್ರಿಫ್ಯೂಜ್, ಬೆಲ್ಟ್ ಪ್ರೆಸ್, ಸ್ಕ್ರೂ ಪ್ರೆಸ್ ಮತ್ತು ಫಿಲ್ಟರ್ ಪ್ರೆಸ್‌ಗಳು ಬಂದಂತೆ ಪಾಲಿಮರ್ ಬಳಕೆಯೂ ಹೆಚ್ಚಿತು. ಅದಕ್ಕೂ ಮೊದಲು ಸುಣ್ಣ ಮತ್ತು ಫೆರಿಕ್ ಕ್ಲೋರೈಡ್ ಮುಖ್ಯ ಸಂಸ್ಕರಣ ದ್ರವ್ಯಗಳಾಗಿದ್ದವು. ಅವುಗಳನ್ನು ಹೆಚ್ಚಿನ ಪ್ರಮಾಣದಲ್ಲಿ ಬೆರೆಸಬೇಕಾದ್ದರಿಂದ ಕೇಕ್‌ನ ತೂಕವೂ ಹೆಚ್ಚುತ್ತಿತ್ತು.

ದಕ್ಷಿಣ ಬೆಂಗಳೂರಿನ ಸಂದರ್ಭ

ಬೆಂಗಳೂರಿನ ಕೊಳಚೆ ನೀರು ಮುಖ್ಯವಾಗಿ ಮೂರು ಕಣಿವೆಗಳ ಇಳಿಜಾರನ್ನು ಅನುಸರಿಸಿ ಹರಿಯುತ್ತದೆ: ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ ಮತ್ತು ಹೆಬ್ಬಾಳ. ದಕ್ಷಿಣ ಬೆಂಗಳೂರು ಇವುಗಳಲ್ಲಿ ಮೊದಲ ಎರಡು ಕಣಿವೆಗಳಿಗೆ ಹಂಚಿಹೋಗಿದೆ. ಬನಶಂಕರಿಯ ಪಶ್ಚಿಮ ಭಾಗಗಳ ನೀರು ವೃಷಭಾವತಿಯ ಕಡೆಗೂ, ಬಿ.ಟಿ.ಎಂ. ಬಡಾವಣೆ ಮತ್ತು ಜಯನಗರದ ಪೂರ್ವ ಭಾಗಗಳ ನೀರು ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕಡೆಗೂ ಇಳಿಯುತ್ತದೆ. ವೃಷಭಾವತಿಯು ಅರ್ಕಾವತಿಯನ್ನು ಸೇರಿ, ಆ ಮೂಲಕ ಕಾವೇರಿಯನ್ನು ಸೇರುತ್ತದೆ. ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ ಮೇಲೆತ್ತಿ ತಂದ ಕಾವೇರಿ ನೀರಿನ ಒಂದು ಭಾಗವು ಹೀಗೆ ಕೊಳಚೆಯಾಗಿ ಮತ್ತೆ ಅದೇ ನದಿಯ ಜಲಾನಯನ ಪ್ರದೇಶಕ್ಕೆ ಮರಳುತ್ತದೆ.

ಸಾರ್ವಜನಿಕ ಒಳಚರಂಡಿ ಮತ್ತು ದೊಡ್ಡ ಶುದ್ಧೀಕರಣ ಘಟಕಗಳನ್ನು 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ನಿರ್ವಹಿಸುತ್ತದೆ. ಇವುಗಳ ಜೊತೆಗೆ, ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಯಮಗಳಂತೆ ದೊಡ್ಡ ವಸತಿ ಸಮುಚ್ಚಯಗಳು ತಮ್ಮದೇ ಆವರಣದಲ್ಲಿ ಘಟಕಗಳನ್ನು ನಡೆಸಬೇಕಾಗಿದೆ. ಜೆ.ಪಿ. ನಗರ, ಬನಶಂಕರಿಯ ಹೊರ ಹಂತಗಳು ಮತ್ತು ಬನ್ನೇರುಘಟ್ಟ ರಸ್ತೆಯ ಆಸುಪಾಸಿನಲ್ಲಿ ಇಂತಹ ಸಣ್ಣ ಘಟಕಗಳು ಅನೇಕ. ಆದ್ದರಿಂದ ಪಾಲಿಮರ್ ಪ್ರಮಾಣದ ಪ್ರಶ್ನೆ ಇಲ್ಲಿ ದೊಡ್ಡ ಘಟಕದ ಎಂಜಿನಿಯರರಿಗೆ ಮಾತ್ರ ಸೀಮಿತವಾಗಿಲ್ಲ; ನೆಲಮಾಳಿಗೆಯ ಘಟಕವನ್ನು ನೋಡಿಕೊಳ್ಳುವ ನಿರ್ವಾಹಕನಿಗೂ, ನಿರ್ವಹಣಾ ವೆಚ್ಚ ಭರಿಸುವ ನಿವಾಸಿಗಳ ಸಂಘಕ್ಕೂ ಸಂಬಂಧಿಸಿದೆ. ಮಾಲಿನ್ಯ ನಿಯಂತ್ರಣ ಮಂಡಳಿಯು 2011ರಲ್ಲಿ ಪ್ರಕಟಿಸಿದ, ಡಾ. ಅನಂತ ಕೊಡವಸಲ್ ಅವರು ರಚಿಸಿದ 'ದಿ ಎಸ್‌ಟಿಪಿ ಗೈಡ್' ಎಂಬ ಕೈಪಿಡಿಯು ಇಂತಹ ಸಣ್ಣ ಘಟಕಗಳ ವಿನ್ಯಾಸ ಮತ್ತು ನಿರ್ವಹಣೆಯನ್ನು ಕುರಿತದ್ದು.

ಕೆಸರನ್ನು ಸಕಾಲದಲ್ಲಿ ಹಿಂಡಿ ತೆಗೆಯದಿದ್ದರೆ ಅದು ಗಾಳಿಯಾಡಿಸುವ ತೊಟ್ಟಿಯಲ್ಲಿ ಸಂಗ್ರಹವಾಗುತ್ತ, ಕೊನೆಗೆ ತಿಳಿನೀರಿನೊಡನೆ ಉಕ್ಕಿ ಹೊರಹೋಗುತ್ತದೆ. ಅಲ್ಲಿಂದ ಅದು ರಾಜಕಾಲುವೆಯ ಮೂಲಕ ಕೆರೆಗಳನ್ನು ಸೇರುತ್ತದೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಬೆಳ್ಳಂದೂರು ಕೆರೆಯ ನೊರೆಯನ್ನು ಅಧ್ಯಯನ ಮಾಡಿದ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು, ಮಾರ್ಜಕಗಳ ಅಂಶವು ಕೆಸರಿನ ಕಣಗಳಿಗೆ ಅಂಟಿಕೊಂಡು ತಳದಲ್ಲಿ ಸಂಗ್ರಹವಾಗುವುದನ್ನೂ, ಜೋರು ಮಳೆಗೆ ಕೆರೆ ಕದಡಿದಾಗ ಅದು ನೊರೆಗೆ ಕಾರಣವಾಗುವುದನ್ನೂ ಗುರುತಿಸಿದ್ದಾರೆ. ಇದೇ ಕಣಿವೆಯ ಘಟಕಗಳಲ್ಲಿ ಎರಡನೆಯ ಹಂತದವರೆಗೆ ಶುದ್ಧೀಕರಿಸಿದ ನೀರನ್ನು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುವ ಯೋಜನೆ 2018ರಲ್ಲಿ ಆರಂಭವಾಯಿತು. ಅದರ ವಿನ್ಯಾಸ ಸಾಮರ್ಥ್ಯ ದಿನಕ್ಕೆ 44 ಕೋಟಿ ಲೀಟರ್. ಘಟಕದಿಂದ ಕೆಸರು ಎಷ್ಟು ಚೆನ್ನಾಗಿ ಹೊರಬೀಳುತ್ತದೆ ಎಂಬುದು ಹೀಗೆ ದೂರದ ಕೆರೆಗಳ ನೀರಿನ ಗುಣಕ್ಕೂ ತಳಕು ಹಾಕಿಕೊಂಡಿದೆ.

ಪಾಲಿಮರ್ ಕಾರ್ಯನಿರ್ವಹಿಸುವ ಬಗೆ

ಕೆಸರಿನ ಸೂಕ್ಷ್ಮ ಕಣಗಳ ಮೇಲ್ಮೈಯಲ್ಲಿ ಸಾಮಾನ್ಯವಾಗಿ ಋಣ ವಿದ್ಯುದಾವೇಶವಿರುತ್ತದೆ. ಒಂದೇ ಬಗೆಯ ಆವೇಶವುಳ್ಳ ಕಣಗಳು ಪರಸ್ಪರ ವಿಕರ್ಷಿಸುವುದರಿಂದ ಅವು ಒಗ್ಗೂಡುವುದಿಲ್ಲ. ಜೊತೆಗೆ ಸೂಕ್ಷ್ಮಜೀವಿಗಳು ಸ್ರವಿಸುವ ಲೋಳೆಯಂತಹ ಪದಾರ್ಥವು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಇಂತಹ ಕೆಸರನ್ನು ನೇರವಾಗಿ ಹಿಂಡಿದರೆ ಸೂಕ್ಷ್ಮ ಕಣಗಳು ಬಟ್ಟೆಯ ರಂಧ್ರಗಳಲ್ಲಿ ಸಿಲುಕಿಕೊಳ್ಳುತ್ತವೆ ಅಥವಾ ನೀರಿನೊಡನೆ ಹೊರಹೋಗುತ್ತವೆ.

ಗೃಹಬಳಕೆಯ ಕೊಳಚೆ ನೀರಿನ ಕೆಸರಿಗೆ ಹೆಚ್ಚಾಗಿ ಬಳಸುವುದು ಧನಾವೇಶವುಳ್ಳ ಪಾಲಿಅಕ್ರಿಲಮೈಡ್. ಇದರ ಅಣುತೂಕ ಹಲವು ದಶಲಕ್ಷಗಳಷ್ಟಿರುತ್ತದೆ. ಇದು ಕಣಗಳ ಋಣಾವೇಶವನ್ನು ತಗ್ಗಿಸುವುದಲ್ಲದೆ, ತನ್ನ ಉದ್ದನೆಯ ಸರಪಣಿಯಿಂದ ಹಲವು ಕಣಗಳನ್ನು ಸೇತುವೆಯಂತೆ ಜೋಡಿಸಿ ಫ್ಲಾಕ್ ಎಂಬ ಗರಣೆಗಳನ್ನು ಕಟ್ಟುತ್ತದೆ. ಗರಣೆಗಳ ನಡುವಿನ ಜಾಗದಿಂದ ನೀರು ಸುಲಭವಾಗಿ ಸೋರಿ ಹೋಗುತ್ತದೆ.

ಪಾಲಿಮರ್ ಅಗತ್ಯಕ್ಕಿಂತ ಹೆಚ್ಚಾದಾಗ ಕಣಗಳ ಮೇಲ್ಮೈ ಪೂರ್ತಿಯಾಗಿ ಮುಚ್ಚಿಹೋಗಿ, ಅವು ಧನಾವೇಶ ಪಡೆದು ಮತ್ತೆ ದೂರ ಸರಿಯಬಹುದು. ಅಂಟಿಕೊಳ್ಳಲು ಕಣ ಸಿಗದೆ ಉಳಿದ ಪಾಲಿಮರ್ ನೀರನ್ನು ಜಿಗುಟುಗೊಳಿಸುತ್ತದೆ. ಹೀಗಾಗಿ ಪ್ರಮಾಣ ಹೆಚ್ಚಿದಂತೆ ಫಲಿತಾಂಶ ಮೊದಲು ಉತ್ತಮಗೊಂಡು, ಒಂದು ಹಂತದಲ್ಲಿ ಸ್ಥಿರವಾಗಿ, ಬಳಿಕ ಹದಗೆಡುತ್ತದೆ. ಆ ಸ್ಥಿರ ಹಂತದ ಆರಂಭದಲ್ಲಿ ಪ್ರಮಾಣವನ್ನು ನಿಲ್ಲಿಸುವುದು ನಿಯಂತ್ರಣದ ಗುರಿ.

ದ್ರಾವಣದ ತಯಾರಿ

ಪಾಲಿಮರ್ ಪುಡಿಯ ರೂಪದಲ್ಲಿಯೂ, ಎಮಲ್ಷನ್ ರೂಪದಲ್ಲಿಯೂ ದೊರೆಯುತ್ತದೆ. ಎಮಲ್ಷನ್‌ನಲ್ಲಿ ಸಕ್ರಿಯ ಅಂಶ ಒಂದು ಭಾಗ ಮಾತ್ರ, ಅದು ಶೇ. 40 ಇದ್ದರೆ 1 ಕೆ.ಜಿ. ಎಮಲ್ಷನ್‌ನಲ್ಲಿ 0.4 ಕೆ.ಜಿ. ಪಾಲಿಮರ್ ಇರುತ್ತದೆ. ಬೇರೆ ಬೇರೆ ಉತ್ಪನ್ನಗಳನ್ನು ಹೋಲಿಸುವಾಗ ಸಕ್ರಿಯ ಅಂಶವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಪುಡಿಯನ್ನು ನೀರಿಗೆ ಒಮ್ಮೆಲೇ ಸುರಿದರೆ ಹೊರಗೆ ಲೋಳೆ, ಒಳಗೆ ಒಣಪುಡಿ ಇರುವ ಗಂಟುಗಳಾಗುತ್ತವೆ. ಮೀನಿನ ಕಣ್ಣನ್ನು ಹೋಲುವ ಈ ಗಂಟುಗಳು ಕರಗದೆ ಪಂಪ್ ಮತ್ತು ಕೊಳವೆಗಳನ್ನು ಕಟ್ಟಿಸುತ್ತವೆ. ಆದ್ದರಿಂದ ಪುಡಿಯನ್ನು ಸುಳಿಯುವ ನೀರಿಗೆ ಸ್ವಲ್ಪಸ್ವಲ್ಪವಾಗಿ ಉದುರಿಸಿ, ಬಳಿಕ ನಿಧಾನವಾಗಿ ಕದಡುತ್ತ ಸಾಮಾನ್ಯವಾಗಿ 30ರಿಂದ 60 ನಿಮಿಷ ಹದಗೊಳ್ಳಲು ಬಿಡುತ್ತಾರೆ. ಅಷ್ಟರಲ್ಲಿ ಸುರುಳಿಯಾಗಿದ್ದ ಅಣುಸರಪಣಿಗಳು ಬಿಚ್ಚಿಕೊಳ್ಳುತ್ತವೆ. ವೇಗವಾಗಿ ಕಡೆದರೆ ಸರಪಣಿಗಳು ತುಂಡಾಗಿ ಪಾಲಿಮರ್‌ನ ಶಕ್ತಿ ಕುಗ್ಗುತ್ತದೆ. ಬಳಸುವ ದ್ರಾವಣದ ಸಾಂದ್ರತೆ ಸಾಮಾನ್ಯವಾಗಿ ಶೇ. 0.1ರಿಂದ 0.5. ತೆಳು ದ್ರಾವಣವು ಬೇಗ ಶಕ್ತಿ ಕಳೆದುಕೊಳ್ಳುವುದರಿಂದ ಅದನ್ನು ಆಯಾ ದಿನವೇ ಬಳಸುವುದು ಒಳ್ಳೆಯದು.

ತಯಾರಿಗೆ ಬಳಸುವ ನೀರಿನ ಗುಣವೂ ಮುಖ್ಯ. ಕೊಳವೆಬಾವಿಯ ಗಡಸು ನೀರಿನಲ್ಲಿ ಅಣುಸರಪಣಿ ಪೂರ್ತಿಯಾಗಿ ಬಿಚ್ಚಿಕೊಳ್ಳುವುದಿಲ್ಲ. ನೀರಿನಲ್ಲಿ ಕರಗಿದ ಕಬ್ಬಿಣ ಮತ್ತು ಹೆಚ್ಚಿನ ಕ್ಲೋರಿನ್ ಪಾಲಿಮರನ್ನು ಕೆಡಿಸುತ್ತವೆ. ಕಾವೇರಿ ನೀರು, ಕೊಳವೆಬಾವಿ ಮತ್ತು ಟ್ಯಾಂಕರ್ ನೀರು ಸರದಿಯಲ್ಲಿ ಬಳಕೆಯಾಗುವ ಸಮುಚ್ಚಯಗಳಲ್ಲಿ, ಕೆಸರು ಬದಲಾಗದಿದ್ದರೂ ನೀರಿನ ಮೂಲ ಬದಲಾದ ದಿನ ಪಾಲಿಮರ್‌ನ ಅಗತ್ಯ ಬದಲಾಗಬಹುದು.

ಪ್ರಮಾಣದ ಲೆಕ್ಕ

ಪ್ರಮಾಣವನ್ನು ಒಂದು ಟನ್ ಒಣ ಘನಾಂಶಕ್ಕೆ ಎಷ್ಟು ಕೆ.ಜಿ. ಸಕ್ರಿಯ ಪಾಲಿಮರ್ ಎಂದು ಹೇಳಲಾಗುತ್ತದೆ. ಕೆಸರಿನ ಬಗೆ ಮತ್ತು ಯಂತ್ರವನ್ನು ಅವಲಂಬಿಸಿ ಇದು ಹೆಚ್ಚಾಗಿ ಟನ್ನಿಗೆ 3ರಿಂದ 12 ಕೆ.ಜಿ.ಯವರೆಗೆ ಇರುತ್ತದೆ. ಪ್ರಾಥಮಿಕ ಕೆಸರಿಗೆ ಕಡಿಮೆಯೂ, ಜೈವಿಕ ಕೆಸರಿಗೆ ಹೆಚ್ಚೂ ಬೇಕಾಗುತ್ತದೆ.

ಪಾಲಿಮರ್ ಪ್ರಮಾಣ = (ದ್ರಾವಣದ ಹರಿವು × ದ್ರಾವಣದ ಸಾಂದ್ರತೆ) ÷ (ಕೆಸರಿನ ಹರಿವು × ಕೆಸರಿನ ಘನಾಂಶ)

ಉದಾಹರಣೆಗೆ, ಗಂಟೆಗೆ 10 ಘನ ಮೀಟರ್ ಕೆಸರು ಯಂತ್ರಕ್ಕೆ ಹೋಗುತ್ತಿದ್ದು, ಅದರ ಘನಾಂಶ ಶೇ. 2.5 ಎಂದಿಟ್ಟುಕೊಳ್ಳೋಣ. ಆಗ ಗಂಟೆಗೆ 250 ಕೆ.ಜಿ. ಒಣ ಘನಾಂಶ ಹೋಗುತ್ತದೆ. ಟನ್ನಿಗೆ 6 ಕೆ.ಜಿ.ಯಂತೆ ಗಂಟೆಗೆ 1.5 ಕೆ.ಜಿ. ಪಾಲಿಮರ್ ಬೇಕು, ಶೇ. 0.2ರ ದ್ರಾವಣವಾದರೆ ಗಂಟೆಗೆ 750 ಲೀಟರ್. ಮಧ್ಯಾಹ್ನದ ವೇಳೆಗೆ ಕೆಸರು ತೆಳುವಾಗಿ ಘನಾಂಶ ಶೇ. 1.5ಕ್ಕೆ ಇಳಿದರೆ ಬೇಕಾಗುವುದು 450 ಲೀಟರ್ ಮಾತ್ರ. ಪಂಪನ್ನು ಬದಲಿಸದೆ 750 ಲೀಟರಿನಲ್ಲೇ ಬಿಟ್ಟರೆ ಪ್ರಮಾಣವು ಟನ್ನಿಗೆ 10 ಕೆ.ಜಿ.ಗೆ ಏರುತ್ತದೆ. ಎರಡೂ ಪಂಪುಗಳ ವೇಗ ಒಂದೇ ಆಗಿದ್ದು, ಮೀಟರುಗಳಲ್ಲಿ ಯಾವ ವ್ಯತ್ಯಾಸವೂ ಕಾಣದಿದ್ದರೂ ಪಾಲಿಮರ್ ಅತಿಯಾಗಿರುತ್ತದೆ.

ಸಣ್ಣ ಘಟಕಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ. ಶೇ. 1ರ ಘನಾಂಶವುಳ್ಳ ಒಂದು ಘನ ಮೀಟರ್ ಕೆಸರಿನಲ್ಲಿ 10 ಕೆ.ಜಿ. ಒಣ ಘನಾಂಶವಿರುತ್ತದೆ. ಟನ್ನಿಗೆ 5 ಕೆ.ಜಿ.ಯಂತೆ ಅದಕ್ಕೆ ಬೇಕಾಗುವುದು 50 ಗ್ರಾಂ ಪಾಲಿಮರ್, ಅಂದರೆ ಶೇ. 0.1ರ 50 ಲೀಟರ್ ದ್ರಾವಣ. ಇಷ್ಟು ಕಡಿಮೆ ತೂಕವನ್ನು ಕೈಯಳತೆಯಿಂದ ಹಾಕಿದರೆ ಪ್ರಮಾಣ ಸುಲಭವಾಗಿ ಎರಡು ಮೂರು ಪಟ್ಟಾಗುತ್ತದೆ. ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯಂತಹ ಸಾಧಾರಣ ಉಪಕರಣವೂ ಈ ದೋಷವನ್ನು ತಪ್ಪಿಸುತ್ತದೆ.

ಪರೀಕ್ಷೆಗಳು

ಘನಾಂಶ ಪರೀಕ್ಷೆ: ಅಳತೆ ಮಾಡಿದ ಕೆಸರನ್ನು 103ರಿಂದ 105 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಲೆಯಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸಿ ತೂಗಲಾಗುತ್ತದೆ. ಉಳಿದೆಲ್ಲ ಲೆಕ್ಕಗಳಿಗೂ ಇದೇ ಆಧಾರ. ಒಂದು ಲೀಟರ್ ಸಿಲಿಂಡರಿನಲ್ಲಿ ಕೆಸರನ್ನು 30 ನಿಮಿಷ ನಿಲ್ಲಿಸಿ ನೋಡುವ ಪರೀಕ್ಷೆ ಬಹುತೇಕ ಘಟಕಗಳಲ್ಲಿ ನಡೆಯುತ್ತದೆಯಾದರೂ, ಅದು ಕೆಸರು ತಂಗುವ ಗುಣವನ್ನು ತಿಳಿಸುತ್ತದೆಯೇ ಹೊರತು ಘನಾಂಶದ ತೂಕವನ್ನಲ್ಲ.

ಜಾರ್ ಪರೀಕ್ಷೆ: ಹಲವು ಪಾತ್ರೆಗಳಲ್ಲಿ ಸಮನಾದ ಕೆಸರು ತೆಗೆದುಕೊಂಡು ಬೇರೆ ಬೇರೆ ಪ್ರಮಾಣದ ದ್ರಾವಣ ಸೇರಿಸಲಾಗುತ್ತದೆ. ಶೇ. 2.5 ಘನಾಂಶದ 200 ಮಿ.ಲೀ. ಕೆಸರಿಗೆ ಶೇ. 0.2ರ ದ್ರಾವಣವನ್ನು 10, 12.5, 15, 17.5 ಮತ್ತು 20 ಮಿ.ಲೀ. ಸೇರಿಸಿದರೆ ಕ್ರಮವಾಗಿ ಟನ್ನಿಗೆ 4, 5, 6, 7 ಮತ್ತು 8 ಕೆ.ಜಿ. ಆಗುತ್ತದೆ. ಪ್ರತಿಯೊಂದನ್ನೂ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸಮನಾದ ಸಲ ಸುರಿದು ಬೆರೆಸಿ, ಗರಣೆಯ ಗಾತ್ರ, ಅದರ ಗಟ್ಟಿತನ ಮತ್ತು ಬಟ್ಟೆಯ ಮೂಲಕ ಸೋಸಿದಾಗ ಬರುವ ನೀರಿನ ತಿಳಿತನವನ್ನು ಹೋಲಿಸುತ್ತಾರೆ. ಅತಿ ದೊಡ್ಡ ಗರಣೆಯೇ ಉತ್ತಮವೆಂದೇನಿಲ್ಲ. ಸುರಿಯುವಾಗ ಒಡೆಯದೆ ಉಳಿಯುವ ಗರಣೆ ಯಂತ್ರಕ್ಕೆ ಯೋಗ್ಯ.

ಲೋಮನಾಳ ಹೀರಿಕೆಯ ಕಾಲ: ಶೋಧಕ ಕಾಗದದ ಮೇಲಿಟ್ಟ ಕೆಸರಿನಿಂದ ನೀರು ಕಾಗದದಲ್ಲಿ ನಿಗದಿತ ದೂರ ಹರಡಲು ತೆಗೆದುಕೊಳ್ಳುವ ಕಾಲವನ್ನು ಸೆಕೆಂಡುಗಳಲ್ಲಿ ಅಳೆಯುವ ಪರೀಕ್ಷೆ. ಇದರ ಉಪಕರಣವನ್ನು ಬಾಸ್ಕರ್‌ವಿಲ್ ಮತ್ತು ಗೇಲ್ 1968ರಲ್ಲಿ ವಿವರಿಸಿದರು. ಕಾಲ ಕಡಿಮೆಯಾದಷ್ಟೂ ಕೆಸರು ನೀರನ್ನು ಸುಲಭವಾಗಿ ಬಿಡುತ್ತದೆ ಎಂದರ್ಥ. ಪ್ರಮಾಣ ಅತಿಯಾದಾಗ ಈ ಕಾಲ ಮತ್ತೆ ಏರುವುದರಿಂದ ಸೂಕ್ತ ಪ್ರಮಾಣವನ್ನು ಗುರುತಿಸಲು ಇದು ಸಹಾಯಕ.

ನಿಯಂತ್ರಣ ವಿಧಾನಗಳು

ಕೈ ನಿಯಂತ್ರಣ: ನಿರ್ವಾಹಕನು ಗರಣೆ, ಕೇಕ್ ಮತ್ತು ಹೊರಬರುವ ನೀರನ್ನು ನೋಡಿ ಪಂಪಿನ ವೇಗ ಹೊಂದಿಸುತ್ತಾನೆ. ಅನುಭವಿಗಳ ಕೈಯಲ್ಲಿ ಇದು ಸಮರ್ಪಕವಾಗಿಯೇ ನಡೆಯುತ್ತದೆ. ಆದರೆ ಕೊರತೆಯಾದರೆ ತಕ್ಷಣ ಕಣ್ಣಿಗೆ ಕಾಣುತ್ತದೆ, ಅತಿಯಾದದ್ದು ಬೇಗ ಕಾಣುವುದಿಲ್ಲ. ಆದ್ದರಿಂದ ಪ್ರಮಾಣವನ್ನು ಏರಿಸಿ ಹಾಗೆಯೇ ಬಿಡುವ ಪ್ರವೃತ್ತಿ ಸಾಮಾನ್ಯ.

ಹರಿವಿಗೆ ಅನುಪಾತ: ಕೆಸರಿನ ಹರಿವು ಹೆಚ್ಚಿದಂತೆ ಪಾಲಿಮರ್ ಪಂಪಿನ ವೇಗವೂ ತಾನಾಗಿ ಹೆಚ್ಚುತ್ತದೆ. ಘನಾಂಶ ಸ್ಥಿರವಾಗಿರುವಲ್ಲಿ ಮಾತ್ರ ಇದು ಸಾಕು.

ಘನಾಂಶಕ್ಕೆ ಅನುಪಾತ: ವಿದ್ಯುತ್ಕಾಂತೀಯ ಹರಿವುಮಾಪಕದ ಜೊತೆಗೆ ಘನಾಂಶದ ಸಂವೇದಕವನ್ನೂ ಅಳವಡಿಸಿ, ಎರಡರ ಗುಣಲಬ್ಧಕ್ಕೆ ತಕ್ಕಂತೆ ಪಾಲಿಮರ್ ನೀಡಲಾಗುತ್ತದೆ. ಬೆಳಕಿನಿಂದ ಅಳೆಯುವ ಸಂವೇದಕಗಳು ಕೆಸರಿನ ಬಣ್ಣ ಮತ್ತು ಮಸೂರದ ಮೇಲಿನ ಕೊಳೆಯಿಂದ ತಪ್ಪು ತೋರಿಸಬಹುದು. ಪ್ರಯೋಗಾಲಯದ ತೂಕದೊಡನೆ ಅವುಗಳನ್ನು ಆಗಾಗ ಸರಿಹೊಂದಿಸಬೇಕು.

ಹಿಮ್ಮಾಹಿತಿ ನಿಯಂತ್ರಣ: ಹೊರಬರುವ ನೀರಿನ ಕದಡು, ಅದರಲ್ಲಿ ಉಳಿದ ವಿದ್ಯುದಾವೇಶ ಅಥವಾ ಸೆಂಟ್ರಿಫ್ಯೂಜ್‌ನ ತಿರುಗುಬಲವನ್ನು ಅಳೆದು ಪ್ರಮಾಣ ತಿದ್ದಲಾಗುತ್ತದೆ. ಪ್ರಮಾಣ ಬದಲಾದ ಪರಿಣಾಮ ಕಾಣಲು ಹಲವು ನಿಮಿಷಗಳು ಬೇಕಾದ್ದರಿಂದ, ಆತುರದ ತಿದ್ದುಪಡಿ ವ್ಯವಸ್ಥೆಯನ್ನು ಅತ್ತಿತ್ತ ತೂಗಾಡಿಸುತ್ತದೆ. ಕೊರತೆಯಾದಾಗಲೂ ಅತಿಯಾದಾಗಲೂ ನೀರು ಕದಡಬಹುದು. ಆದ್ದರಿಂದ ಕದಡನ್ನು ಮಾತ್ರ ನಂಬಿ ಪಾಲಿಮರ್ ಏರಿಸುವ ವ್ಯವಸ್ಥೆ ಅತಿಯಾದ ಪ್ರಮಾಣವನ್ನು ಇನ್ನಷ್ಟು ಹೆಚ್ಚಿಸುವ ಅಪಾಯವಿದೆ. ಘನಾಂಶದ ಅನುಪಾತವನ್ನು ಮುಖ್ಯ ಆಧಾರವಾಗಿಟ್ಟುಕೊಂಡು, ಹಿಮ್ಮಾಹಿತಿಯಿಂದ ಅಲ್ಪ ತಿದ್ದುಪಡಿಯನ್ನಷ್ಟೇ ಮಾಡುವುದು ಹೆಚ್ಚು ಸುರಕ್ಷಿತ ಕ್ರಮ.

ಎಲ್ಲ ವಿಧಾನಗಳಲ್ಲೂ ಪಾಲಿಮರ್ ಸೇರುವ ಸ್ಥಳ ಮಹತ್ವದ್ದು. ಯಂತ್ರದ ತೀರ ಹತ್ತಿರ ಸೇರಿಸಿದರೆ ಬೆರೆಯಲು ಸಮಯ ಸಿಗದು. ತೀರ ದೂರದಲ್ಲಿ ಸೇರಿಸಿದರೆ ಕೊಳವೆಯ ತಿರುವು ಮತ್ತು ಪಂಪುಗಳಲ್ಲಿ ಗರಣೆ ಒಡೆಯುತ್ತದೆ.

ಪ್ರಮಾಣ ತಪ್ಪಿದಾಗಿನ ಪರಿಣಾಮಗಳು

ಪಾಲಿಮರ್ ಕಡಿಮೆಯಾದರೆ ಗರಣೆ ಸಣ್ಣದಾಗಿ, ಹೊರಬರುವ ನೀರು ಕಪ್ಪಾಗಿ ಕದಡಿರುತ್ತದೆ, ಕೇಕ್ ನೀರಾಗಿರುತ್ತದೆ. ಆ ನೀರು ಘಟಕದ ಮೊದಲ ಹಂತಕ್ಕೆ ಮರಳುವುದರಿಂದ ಅದರಲ್ಲಿನ ಕೆಸರೂ ಮರಳುತ್ತದೆ. ಮೇಲಿನ ಉದಾಹರಣೆಯಲ್ಲಿ ಯಂತ್ರವು ಶೇ. 95ರಷ್ಟು ಘನಾಂಶವನ್ನು ಹಿಡಿದರೆ ಗಂಟೆಗೆ 12.5 ಕೆ.ಜಿ. ಮಾತ್ರ ಮರಳುತ್ತದೆ, ಶೇ. 80ಕ್ಕೆ ಕುಸಿದರೆ 50 ಕೆ.ಜಿ. ಮರಳುತ್ತದೆ. ಯಂತ್ರ ದಿನವಿಡೀ ಓಡಿದರೂ ಅದೇ ಕೆಸರು ಒಳಗೇ ಸುತ್ತುತ್ತಿರುತ್ತದೆ.

ಪಾಲಿಮರ್ ಅತಿಯಾದರೆ ಕೇಕ್ ಬಟ್ಟೆಗೆ ಅಂಟಿಕೊಂಡು ಬಿಡಿಸಲು ಬರುವುದಿಲ್ಲ, ಬಟ್ಟೆಯ ರಂಧ್ರಗಳು ಮುಚ್ಚಿಹೋಗುತ್ತವೆ, ಹೊರಬರುವ ನೀರು ಬೆರಳಿಗೆ ಜಾರುವಂತಾಗಿ ನೊರೆಗಟ್ಟುತ್ತದೆ. ಧನಾವೇಶವುಳ್ಳ ಪಾಲಿಮರ್ ಮೀನಿನ ಕಿವಿರುಗಳಿಗೆ ಅಂಟಿಕೊಳ್ಳುವ ಗುಣ ಹೊಂದಿದೆ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯಂತೆ ವಸತಿ ಸಮುಚ್ಚಯದ ಶುದ್ಧೀಕರಿಸಿದ ನೀರನ್ನು ಪಡೆಯುವ ಸಣ್ಣ ಕೆರೆಗಳಿರುವಲ್ಲಿ, ಹಿಂಡಿದ ನೀರನ್ನು ನೇರವಾಗಿ ಹೊರಬಿಡದೆ ಘಟಕದ ಮೊದಲ ಹಂತಕ್ಕೇ ಮರಳಿಸಬೇಕೆಂಬ ನಿಯಮಕ್ಕೆ ಇದೂ ಒಂದು ಕಾರಣ.

ಮಳೆಗಾಲದಲ್ಲಿ ಮಳೆನೀರು ಒಳಚರಂಡಿಗೆ ನುಗ್ಗುವುದರಿಂದ ಕೊಳಚೆ ತೆಳುವಾಗುತ್ತದೆ, ಹೂಳು ಮತ್ತು ಮರಳಿನ ಪಾಲು ಹೆಚ್ಚುತ್ತದೆ. ಹೂಳು ಬೆರೆತ ಕೆಸರಿಗೆ ಟನ್ನಿಗೆ ಬೇಕಾಗುವ ಪಾಲಿಮರ್ ಬೇರೆಯಾಗಬಹುದು. ಹೀಗಾಗಿ ಬೇಸಿಗೆಯಲ್ಲಿ ನಿಗದಿಪಡಿಸಿದ ಪ್ರಮಾಣವನ್ನು ಮುಂಗಾರು ಆರಂಭವಾದ ಮೇಲೆ ಮತ್ತೆ ಪರೀಕ್ಷಿಸುವುದು ಅಗತ್ಯ.

ವೆಚ್ಚ

ಪಾಲಿಮರ್‌ನ ಬೆಲೆಯನ್ನು ಪ್ರತ್ಯೇಕವಾಗಿ ನೋಡಿ ಉಳಿತಾಯ ಮಾಡಲು ಹೊರಟರೆ ಸಾಗಣೆಯ ವೆಚ್ಚ ಹೆಚ್ಚಬಹುದು. ಕೇಕ್‌ನ ಘನಾಂಶ ಶೇ. 20ರಿಂದ 15ಕ್ಕೆ ಇಳಿದರೆ ಸಾಗಿಸಬೇಕಾದ ತೂಕ ಮೂರನೇ ಒಂದು ಭಾಗದಷ್ಟು ಏರುತ್ತದೆ. ಪಾಲಿಮರ್, ವಿದ್ಯುತ್, ಸಾಗಣೆ ಮತ್ತು ವಿಲೇವಾರಿ ಸೇರಿದ ಒಟ್ಟು ವೆಚ್ಚ ಕನಿಷ್ಠವಾಗುವ ಪ್ರಮಾಣವೇ ಸೂಕ್ತ ಪ್ರಮಾಣ. ಅದನ್ನು ಕಂಡುಕೊಳ್ಳಲು ದಿನವಹಿ ಪುಸ್ತಕದಲ್ಲಿ ಕೆಸರಿನ ಗಾತ್ರ, ಘನಾಂಶ, ಬಳಸಿದ ಪಾಲಿಮರ್‌ನ ತೂಕ, ಕೇಕ್‌ನ ತೂಕ ಮತ್ತು ಅದರ ಘನಾಂಶ ಎಂಬ ಐದು ಅಂಶಗಳು ದಾಖಲಾಗಿರಬೇಕು.

ಸುರಕ್ಷತೆ

ಪಾಲಿಅಕ್ರಿಲಮೈಡ್ ಹೆಚ್ಚು ವಿಷಕಾರಿಯಲ್ಲ. ಆದರೆ ಅದರ ಮೂಲವಸ್ತುವಾದ ಅಕ್ರಿಲಮೈಡ್ ನರಮಂಡಲಕ್ಕೆ ಹಾನಿಕರ. ಆದ್ದರಿಂದ ಉತ್ಪನ್ನದಲ್ಲಿ ಉಳಿಯುವ ಅಕ್ರಿಲಮೈಡ್ ಅತ್ಯಲ್ಪವಾಗಿರಬೇಕು. ಪುಡಿಯನ್ನು ಬಳಸುವಾಗ ಕೈಗವಸು, ಕನ್ನಡಕ ಮತ್ತು ಮುಖಗವಸು ಧರಿಸಬೇಕು. ನೆಲಕ್ಕೆ ಚೆಲ್ಲಿದ ಪಾಲಿಮರ್ ನೀರು ತಾಗಿದೊಡನೆ ಅತಿಯಾಗಿ ಜಾರುತ್ತದೆ. ನೀರು ಸುರಿಯುವ ಬದಲು ಮರಳು ಅಥವಾ ಮರದ ಹೊಟ್ಟು ಹಾಕಿ ಗುಡಿಸಿ ತೆಗೆಯಬೇಕು.

ಇದಕ್ಕಿಂತ ದೊಡ್ಡ ಅಪಾಯ ಕೆಸರಿನ ತೊಟ್ಟಿಯದು. ನಿಂತ ಕೆಸರಿನಿಂದ ಹೊಮ್ಮುವ ಹೈಡ್ರೋಜನ್ ಸಲ್ಫೈಡ್ ಅನಿಲವು ಮುಚ್ಚಿದ ತೊಟ್ಟಿಗೆ ಇಳಿದವರನ್ನು ಕ್ಷಣಮಾತ್ರದಲ್ಲಿ ಪ್ರಜ್ಞೆ ತಪ್ಪಿಸಿ ಕೊಲ್ಲಬಲ್ಲದು. ಒಳಚರಂಡಿ ಮತ್ತು ಮಲದ ಗುಂಡಿಗಳನ್ನು ಸುರಕ್ಷತಾ ಸಾಧನಗಳಿಲ್ಲದೆ ಮನುಷ್ಯರಿಂದ ಶುಚಿಗೊಳಿಸುವ ಅಪಾಯಕಾರಿ ಕೆಲಸವನ್ನು 2013ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ನಿರ್ಜಲೀಕರಣ ಸರಿಯಾಗಿ ನಡೆಯದ ಘಟಕದಲ್ಲಿ ಕೆಸರು ತಳದಲ್ಲಿ ಗಟ್ಟಿಯಾಗಿ, ತೊಟ್ಟಿಗೆ ಇಳಿದು ತೆಗೆಯಬೇಕಾದ ಸ್ಥಿತಿ ಉಂಟಾಗುತ್ತದೆ. ಪ್ರತಿದಿನದ ಕೆಸರನ್ನು ಸರಿಯಾದ ಪ್ರಮಾಣದ ಪಾಲಿಮರ್‌ನಿಂದ ಹದಗೊಳಿಸಿ ಯಂತ್ರದ ಮೂಲಕವೇ ಹೊರತೆಗೆದರೆ ಅಂತಹ ಸ್ಥಿತಿ ಬರುವ ಸಾಧ್ಯತೆ ಕಡಿಮೆಯಾಗುತ್ತದೆ.